ಅವ್ವನ ವ್ರತ, ನನ್ನ ಮಶೇರಿ

ನಮ್ಮ ಮನೆಯ ಹಿತ್ತಿಲಲ್ಲಿ ಒಂದೇ ಹಗ್ಗದ ಮೇಲೆ ಎರಡು ಬಟ್ಟೆ ಸದಾ ಒಣಗುತ್ತಿದ್ದವು. ಬಿಳಿಯದು ಕುಡಿಯುವ ನೀರು ಸೋಸುವುದಕ್ಕೆ. ನಾವು ಜೈನರು, ಕಣ್ಣಿಗೆ ಕಾಣದ ಹುಳಕ್ಕೂ ನೋವಾಗಬಾರದೆಂದು ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಒಂದು ಗುಟುಕೂ ಕುಡಿದವರಲ್ಲ. ಇನ್ನೊಂದು ಬಟ್ಟೆ ಕಂದು ಬಣ್ಣಕ್ಕೆ ತಿರುಗಿದ್ದು, ಅದು ಮಶೇರಿ ಸೋಸುವುದಕ್ಕೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಕುಟ್ಟಿದ ಪುಡಿಗೆ ನಮ್ಮ ಕಡೆ ಮಶೇರಿ ಎನ್ನುತ್ತಾರೆ. ಹೆಂಗಸರು ಅದನ್ನು ಎಡ ಅಂಗೈಯಲ್ಲಿ ಹಾಕಿಕೊಂಡು ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುತ್ತಾರೆ. ಹೆಸರಿಗೆ ಹಲ್ಲುಜ್ಜುವುದು. ದಿನಕ್ಕೆ ಐದಾರು ಸಲ ಹಲ್ಲುಜ್ಜುವಷ್ಟು ಶುಚಿಯಾದ ಜನ ನಮ್ಮ ಮನೆಯ ಹೆಂಗಸರನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ. ನೀರಿನ ಹುಳವನ್ನು ಅಷ್ಟು ಜೋಪಾನ ಮಾಡಿದ ಆ ಮನೆಯಲ್ಲಿ ಅವ್ವನ ಬಾಯಿ ಒಳಗೊಳಗೆ ಕೆಡುತ್ತ ಹೋದದ್ದನ್ನು ಯಾರೂ ನೋಡಲಿಲ್ಲ. ಆ ಮಶೇರಿಯನ್ನು ಹುರಿಯುತ್ತಿದ್ದವಳು ನಾನೇ.

ಊರು ಕೊಲ್ಹಾಪುರ ಜಿಲ್ಲೆಯ ನಾಂದಣಿಯ ಮಗ್ಗುಲಿನದು. ಎತ್ತ ನೋಡಿದರೂ ಕಬ್ಬು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಕನ್ನಡದ ಅಕ್ಷರ ನನಗೆ ಕಲಿಸಿದವಳು ಆಯಿ, ಎಂದರೆ ಅಪ್ಪನ ತಾಯಿ. ಬಸದಿಯಿಂದ ತಂದ ಪುರಾಣದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಅಕ್ಷರ ತಪ್ಪಿದರೆ ಒಂದು ಗುದ್ದು ಎಂಬ ಲೆಕ್ಕದಲ್ಲಿ ಕಲಿಸಿದಳು. ಆಯಿ, ಅಪ್ಪ, ಅವ್ವ, ಚಿಕ್ಕಪ್ಪ, ಅವನ ಹೆಂಡತಿ ಕಾಕು, ನಾನು, ಇಷ್ಟು ಜನ ಆ ಮನೆಯಲ್ಲಿ. ಚಿಕ್ಕಪ್ಪ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಪಾಳಿ ಮುಗಿಸಿ ಸೈಕಲ್ ತುಳಿದುಕೊಂಡು ಬಂದು ಮಲಗಿಬಿಡುತ್ತಿದ್ದ. ಅವನನ್ನು ಎಚ್ಚರವಾಗಿ ನೋಡಿದ ನೆನಪು ನನಗೆ ಕಡಿಮೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಲೇಬೇಕು. ಹಿತ್ತಿಲ ಗೋಡೆಯ ನೆರಳು ಬಾವಿಕಟ್ಟೆ ಮುಟ್ಟಿತೆಂದರೆ ಅಡುಗೆಮನೆಯಲ್ಲಿ ಯುದ್ಧ. ಅವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳ ಬೀದಿಗೆ ಕೇಳುತ್ತಿತ್ತು, ಕಾಕು ಬೇಯಿಸುತ್ತಿದ್ದಳು, ಆಯಿ ಕುಳಿತಲ್ಲಿಂದಲೇ ಇಬ್ಬರನ್ನೂ ಬೈಯುತ್ತಿದ್ದಳು. ಅಪ್ಪ ಮಾತ್ರ ತಟ್ಟೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು. ಬಸದಿಯ ಕೆಲಸದಲ್ಲಿ ಮುಂದಾಳು, ಶಾಸ್ತ್ರ ಓದಿದವರು, ಮನೆಯಲ್ಲಿ ಮಾತು ಕಡಿಮೆ. ಅವ್ವನ ಜೊತೆಗಂತೂ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳು ಎದುರಿಗೇ ನಿಂತಿದ್ದರೂ ನನ್ನ ಕಡೆ ತಿರುಗಿ ಹೇಳುತ್ತಿದ್ದರು:

“ಪದ್ದೀ, ಇನ್ನೊಂದ ರೊಟ್ಟಿ ಹಾಕಂತ ಹೇಳ ಆಕಿಗಿ.”

ನಾನು ಹೇಳುವುದಕ್ಕೆ ಮೊದಲೇ ರೊಟ್ಟಿ ಬಂದು ಬಿದ್ದಿರುತ್ತಿತ್ತು. ಹದಿನಾಲ್ಕು ವರ್ಷದ ಸಂಸಾರ ನನ್ನ ಮೂಲಕವೇ ನಡೆದಂತೆ ನನಗೆ ಆಗ ಒಂದು ಹಮ್ಮು ಇತ್ತು.

ನಸುಕಿನಲ್ಲಿ ದನಗಳಿಗೆ ಮೇವು ಹಾಕಿ, ಅಂಗಳ ಸಾರಿಸಿ, ಮೂವರೂ ಹೆಂಗಸರು ಹಿತ್ತಿಲಿನ ಬಚ್ಚಲಕಲ್ಲಿನ ಸುತ್ತ ಕೂರುತ್ತಿದ್ದರು. ಆಯಿ ಕಲ್ಲಿನ ಮೇಲೆ, ಅವ್ವ ಮತ್ತು ಕಾಕು ನೆಲದ ಮೇಲೆ. ತಗಡಿನ ಚಿಕ್ಕ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಗಂಡಸರು ಕರೆಯುವಂತಿರಲಿಲ್ಲ. ಬಾಯ್ತುಂಬ ಮಶೇರಿ ಇದ್ದಾಗ ಮಾತು ಮೂಗಿನಿಂದ ಬರುತ್ತದೆ. ಆ ಮೂಗುಮಾತಿನಲ್ಲೇ ಅವರು ಊರನ್ನೆಲ್ಲ ತಿರುವಿಹಾಕುತ್ತಿದ್ದರು. ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈದಿತು, ಗಡಹಿಂಗ್ಲಜದ ಸಂತೆಯಲ್ಲಿ ಸೀರೆಯ ಬಣ್ಣ ಹೇಗೆ ಮೋಸ ಮಾಡಿತು. ಕಾಕು ನಗಿಸುವುದರಲ್ಲಿ ಜಾಣೆ. ಅವ್ವನಿಗೆ ನಗು ತಡೆಯಲಾಗದೆ ಕಪ್ಪು ನೀರು ಸೆರಗಿನ ಮೇಲೆ ಚೆಲ್ಲುತ್ತಿತ್ತು. ದಿನದ ಉಳಿದ ಹೊತ್ತಿನಲ್ಲಿ ಅವ್ವ ನಕ್ಕದ್ದು ನನಗೆ ನೆನಪಿಲ್ಲ. ಇವತ್ತು ಮಶೇರಿಯನ್ನು ನಾನು ಎಷ್ಟು ಬೈದರೂ, ಆ ಕಾಲು ಗಂಟೆಯನ್ನು ಬೈಯುವುದಕ್ಕೆ ನನ್ನಿಂದ ಆಗುವುದಿಲ್ಲ. ಮೂವರೂ ಕೆಲಸವಿಲ್ಲದೆ ಒಟ್ಟಿಗೆ ಕೂರುತ್ತಿದ್ದದ್ದು ಆಗ ಮಾತ್ರ.

ಅವ್ವನ ತವರು ಗಡಹಿಂಗ್ಲಜದ ಕಡೆ. ಅಲ್ಲಿಂದ ವರ್ಷಕ್ಕೊಮ್ಮೆ ಸೋದರಮಾವ ಎರಡು ಗಂಟು ಹೊತ್ತು ಬರುತ್ತಿದ್ದ: ಒಂದರಲ್ಲಿ ಕೆಂಪು ಮೆಣಸಿನಕಾಯಿ, ಒಂದರಲ್ಲಿ ತಂಬಾಕಿನ ಎಲೆ. ಗಂಟು ಬಿಚ್ಚಿದರೆ ಮನೆಯವರಿಗೆಲ್ಲ ಸೀನು. ಹುರಿಯುವ ಕೆಲಸ ಮೊದಲು ಕಾಕುವಿನದಾಗಿತ್ತು. ಒಂದು ಸಲ ಅವಳು ಬಸುರಿಯಾಗಿದ್ದಾಗ ಹೊಗೆ ಬೇಡವೆಂದು ಆಯಿ ನನ್ನನ್ನು ಒಲೆಯ ಮುಂದೆ ಕೂರಿಸಿದಳು. ಆ ಬಸುರು ನಿಲ್ಲಲಿಲ್ಲ, ಕೆಲಸ ಮಾತ್ರ ನನ್ನಲ್ಲೇ ಉಳಿಯಿತು. ಒಂಬತ್ತೋ ಹತ್ತೋ ನನ್ನ ವಯಸ್ಸು. ಎಲೆ ಕಂದಿನಿಂದ ಕಪ್ಪಿಗೆ ತಿರುಗುವ ಒಂದು ಗಳಿಗೆ ಇದೆ. ಅದಕ್ಕೆ ಮೊದಲೇ ಇಳಿಸಿದರೆ ಹಸಿ ಘಾಟು, ತಡಮಾಡಿದರೆ ಬೂದಿ. ಹೊಗೆಯ ಬಣ್ಣ ನೋಡಿ ಆ ಗಳಿಗೆಯನ್ನು ಹಿಡಿಯುವುದು ನನಗೆ ಎರಡೇ ಸಲಕ್ಕೆ ಬಂತು. ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು, ಆದರೂ ಏಳುತ್ತಿರಲಿಲ್ಲ. ಆಮೇಲೆ ಒರಳಿನಲ್ಲಿ ಕುಟ್ಟಿ, ಕಂದು ಬಟ್ಟೆಯಲ್ಲಿ ಸೋಸಿ, ಡಬ್ಬಿ ತುಂಬಿಸಿ ಆಯಿಯ ಮುಂದೆ ಇಟ್ಟರೆ ಅವಳು ಒಂದು ಚಿಟಿಕೆ ತಿಕ್ಕಿ, ಕಣ್ಣು ಮುಚ್ಚಿ, ಹೇಳುತ್ತಿದ್ದಳು:

“ಹುಡುಗಿ ಕೈಯಾಗ ಭಾಳ ಹದಾ ಐತಿ. ಇಕಿನ್ನ ಕೊಟ್ಟ ಮನಿ ಪುಣ್ಯಾ ಮಾಡಿರಬೇಕ ನೋಡ.”

ಅಕ್ಕಪಕ್ಕದ ಮನೆಯವರೂ ಎಲೆ ತಂದು ನನ್ನ ಕೈಯಿಂದ ಹುರಿಸಿಕೊಂಡು ಹೋಗತೊಡಗಿದರು. ಓದಿನಲ್ಲಿ ನಾನು ಅಷ್ಟಕ್ಕಷ್ಟೆ, ಹೊಲಿಗೆಯಲ್ಲಿ ದಡ್ಡಿ, ಬಣ್ಣ ಕಪ್ಪು. ಊರಿನಲ್ಲಿ ನನ್ನ ಹೆಸರು ಒಳ್ಳೆಯದಕ್ಕೆ ಕೇಳಿಬಂದದ್ದು ಮಶೇರಿಯಿಂದಲೇ.

ಇನ್ನು ಉಪವಾಸದ ವಿಷಯ. ಭಾದ್ರಪದದ ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಹೆಂಗಸರು ಒಂದೊಂದು ದಿನ ನೀರೂ ಮುಟ್ಟದೆ ಇರುತ್ತಿದ್ದರು. ಹಾಗಿರುವಾಗ ಮಶೇರಿ ಹಚ್ಚಬಹುದೇ ಎಂದು ಕಾಕು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದಳಂತೆ. ಆಯಿ ತೀರ್ಪು ಕೊಟ್ಟಿದ್ದಳು:

“ನುಂಗಿದ್ರ ಊಟ, ಉಗುಳಿದ್ರ ಅಲ್ಲ. ಮಶೇರಿ ಯಾರರ ನುಂಗತಾರೇನ?”

ಈ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಹೀಗಾಗಿ ಉಪವಾಸದ ದಿನ ನಮ್ಮ ಮನೆಯಲ್ಲಿ ಡಬ್ಬಿ ಬೇಗ ಖಾಲಿ. ಹಸಿವು ಕಾಣಿಸಿಕೊಂಡಾಗಲೆಲ್ಲ ಒಂದು ಚಿಟಿಕೆ. ಬಾಯಿ ಮರಗಟ್ಟಿದರೆ ಹೊಟ್ಟೆಯೂ ಸುಮ್ಮನಾಗುತ್ತದೆ. ನಾನು ಮೊದಲ ಸಲ ಇಡೀ ದಿನ ಉಪವಾಸ ಮಾಡಿದಾಗ ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಅತ್ತೆ. ಅವ್ವನೇ ಕರುಣೆಯಿಂದ ನನ್ನ ಒಸಡಿಗೆ ಒಂದಿಷ್ಟು ಹಚ್ಚಿದಳು. ಮನೆ ಗಿರ್ರೆಂದು ತಿರುಗಿತು, ಬಚ್ಚಲಕಲ್ಲಿನ ಮೇಲೆ ವಾಂತಿ ಮಾಡಿಕೊಂಡೆ. ಮೂವರೂ ನಕ್ಕರು. ನನ್ನ ಉಪವಾಸ ಮುರಿಯಿತೋ ಇಲ್ಲವೋ ಎಂದು ಅವರಲ್ಲೇ ವಾದ ನಡೆಯಿತು. ಒಳಗೆ ಹೋಗಲಿಲ್ಲ, ಹೊರಗೇ ಬಂತು, ಆದ್ದರಿಂದ ಮುರಿಯಲಿಲ್ಲ ಎಂದು ಆಯಿ ಹೇಳಿದಳು.

ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ. ಮುನಿ ಮಹಾರಾಜರು ಊರಲ್ಲಿ ನೆಲೆ ನಿಲ್ಲುವ ಕಾಲ. ಆಗ ಬಸದಿಯಲ್ಲಿ ಒಬ್ಬೊಬ್ಬರೇ ಎದ್ದುನಿಂತು ತಾವು ಆ ವರ್ಷ ಏನನ್ನು ಬಿಡುತ್ತೇವೆಂದು ಎಲ್ಲರೆದುರು ನಿಯಮ ಹಿಡಿಯುವುದು ನಮ್ಮಲ್ಲಿ ರೂಢಿ. ಒಬ್ಬರು ತುಪ್ಪ ಬಿಟ್ಟರೆ ಒಬ್ಬರು ಬೆಲ್ಲ, ಒಬ್ಬರು ಸೊಪ್ಪು. ಮಕ್ಕಳಿಗೂ ಅವಕಾಶ ಇತ್ತು. ಒಂದು ವರ್ಷ ನಾನು ಎದ್ದು ನಿಂತು ಹಾಗಲಕಾಯಿ ಬಿಟ್ಟೆ ಎಂದೆ. ಬಸದಿ ನಕ್ಕಿತು. ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದರು:

“ಬಾಯಿಗಿ ಬೇಕಾದ್ದನ್ನ ಬಿಟ್ರ ತ್ಯಾಗ. ಬ್ಯಾಡಾದ್ದನ್ನ ಬಿಟ್ರ ಅದಕ್ಕ ಏನ ಬೆಲಿ?”

ಅದೇ ವರ್ಷ ಅವ್ವ ಎದ್ದು ನಿಂತು ಖಾರ ಬಿಟ್ಟೆ ಎಂದಳು. ಬಸದಿಗೆ ಬಸದಿಯೇ ತಿರುಗಿ ನೋಡಿತು. ಗಡಹಿಂಗ್ಲಜದ ಮೆಣಸಿನಕಾಯಿ ತಿಂದು ಬೆಳೆದವಳು. ಹಸಿ ಚಟ್ನಿಯನ್ನು ರೊಟ್ಟಿಗಿಂತ ದಪ್ಪ ಹಚ್ಚಿಕೊಳ್ಳುತ್ತಿದ್ದವಳು. ಮರುವರ್ಷ ಹುಳಿ, ಉಪ್ಪಿನಕಾಯಿ ಬಿಟ್ಟಳು. ಅದಾಗಿ ದೀಪಾವಳಿ ಕಳೆದ ಮೇಲೆ, ಚಾತುರ್ಮಾಸವೂ ಅಲ್ಲ, ಪರ್ವವೂ ಅಲ್ಲ, ರೊಟ್ಟಿಯನ್ನೇ ಬಿಟ್ಟಳು. ಮಜ್ಜಿಗೆಯಲ್ಲಿ ಕಲಸಿದ ಮೆತ್ತಗಿನ ಅನ್ನ, ಗಂಜಿ, ಇಷ್ಟೇ. ಊರವರು ಅವಳನ್ನು ತ್ಯಾಗಿ ಚಂಪಕ್ಕ ಎನ್ನತೊಡಗಿದರು. ಬಸದಿಯ ಪೂಜಾರಿ ಉಪಾಧ್ಯೆ ಪೂಜೆಯಾದ ಮೇಲೆ ಅವಳ ಹೆಸರು ಹಿಡಿದು ಉದಾಹರಣೆ ಕೊಟ್ಟ. ಹೊಸ ಸೊಸೆಯರು ಕಾಲು ಮುಟ್ಟಿದರು. ಆಯಿ ಬೈಯುವುದನ್ನು ಅರ್ಧಕ್ಕೆ ಇಳಿಸಿದಳು. ಇದೆಲ್ಲಕ್ಕಿಂತ ದೊಡ್ಡದು ಒಂದು ಸಂಜೆ ನಡೆಯಿತು. ಅಪ್ಪ ತಟ್ಟೆಯ ಮುಂದೆ ಕುಳಿತು, ನನ್ನ ಕಡೆ ತಿರುಗದೆ, ನೇರವಾಗಿ ಅವ್ವನ ಮುಖ ನೋಡಿ ಹೇಳಿದರು:

“ಚಂಪಾ, ನೀನೂ ಊಟಕ್ಕ ಕೂಡ. ಹೊತ್ತ ಮುಳಗಾಕತ್ತೈತಿ.”

ಅವ್ವ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತುಬಿಟ್ಟಳು. ನನ್ನ ಕೆಲಸ ಹೋಯಿತೆಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಆದರೆ ಅವ್ವನ ಮುಖ ನೋಡಿ ಸಂತೋಷವೇ ಹೆಚ್ಚಾಯಿತು. ಎಲ್ಲ ಬಿಟ್ಟ ಅವ್ವ ಮಶೇರಿ ಮಾತ್ರ ಬಿಟ್ಟಿರಲಿಲ್ಲ. ಅದು ಆಹಾರವಲ್ಲವಲ್ಲ. ಮೊದಲಿಗಿಂತ ಹೆಚ್ಚು ಹಚ್ಚುತ್ತಿದ್ದಳು, ಬಲಗೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದಳು. ಬೇರೆಯವರು ಹುರಿದದ್ದು ನನಗೆ ಆಗುವುದಿಲ್ಲ, ನನ್ನ ಮಗಳ ಕೈಯದೇ ಆಗಬೇಕು ಎಂದು ಎಲ್ಲರೆದುರು ಹೇಳುತ್ತಿದ್ದಳು. ನಾನು ಉಬ್ಬಿಹೋಗಿ ಇನ್ನೂ ನುಣ್ಣಗೆ ಸೋಸುತ್ತಿದ್ದೆ.

ಆ ಸಂಕ್ರಾಂತಿಯ ಹೊತ್ತಿಗೆ ನಮ್ಮ ಶಾಲೆಗೆ ಕೊಲ್ಹಾಪುರದಿಂದ ಒಬ್ಬ ಹಲ್ಲಿನ ಡಾಕ್ಟರು ಬಂದರು. ಸಾಲಾಗಿ ನಿಲ್ಲಿಸಿ “ಆ ಕರಾ” ಎಂದು ಎಲ್ಲರ ಬಾಯಿ ತೆರೆಸಿ ನೋಡಿದರು. ಆಮೇಲೆ ಒಂದು ಆಟ ಕಲಿಸಿದರು. ನಿಮ್ಮ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಾಕಿ. ಮೂರೂ ಹೋದರೆ ಬಾಯಿ ನೆಟ್ಟಗಿದೆ. ಹೋಗದಿದ್ದವರು ದವಾಖಾನೆಗೆ ಬರಬೇಕು. ತಂಬಾಕು, ಗುಟಕಾ ಬಾಯಲ್ಲಿಡುವವರ ಬಾಯಿ ಬರಬರುತ್ತ ಮುಚ್ಚಿಕೊಳ್ಳುತ್ತದೆ ಎಂದರು. ನಾವೆಲ್ಲ ಬೆರಳು ತುರುಕಿಕೊಂಡು ನಕ್ಕು ಓಕರಿಸಿದೆವು. ಮನೆಗೆ ಬಂದವಳೇ ನಾನು ಡಾಕ್ಟರಾದೆ. ಆಯಿಗೆ ಮೂರು ಬೆರಳು ಹೋದವು, ಹಲ್ಲೇ ಇಲ್ಲದ್ದರಿಂದ ನಾಲ್ಕನೆಯದಕ್ಕೂ ಜಾಗ ಇತ್ತು. ಕಾಕುವಿಗೆ ಮೂರು. ಅವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಅವ್ವಾ, ಆ ಮಾಡು.”

“ಹೋಗ ಆಕಡೆ. ವ್ರತದಾಗ ಇದ್ದಾಕಿ ಬಾಯಾಗ ಬೆರಳ ಹಾಕಬಾರ್ದು.”

ನಾನು ಬಿಡುವವಳಲ್ಲ. ಕಚಗುಳಿ ಇಟ್ಟೆ. ಅವಳು ನಗುವುದಕ್ಕೆ ಹೋದಳು, ನಗು ಅರ್ಧಕ್ಕೆ ನಿಂತಿತು. ಬಾಯಿ ಅಷ್ಟೇ ತೆರೆಯಿತು. ನನ್ನ ಒಂದು ಬೆರಳು ಕೂಡ ಕಷ್ಟಪಟ್ಟು ಹೋಯಿತು. ಒಳಗೆ ಬಲಗೆನ್ನೆ ಹಲಗೆಯಂತೆ ಗಟ್ಟಿ. ಬೆಳಕಿನ ಕಡೆ ತಿರುಗಿಸಿ ನೋಡಿದೆ: ಬೆಳ್ಳಗೆ ಸುಣ್ಣ ಹಚ್ಚಿದಂಥ ಕಲೆ, ಅದರ ನಡುವೆ ಹಸಿಹುಣ್ಣು. ಕೆಟ್ಟ ವಾಸನೆ ಬಂತು. ಅವ್ವ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

“ಖಾರಾ ತಿಂದ್ರ ಬೆಂಕಿ ಬಿದ್ದಂಗ ಆಕ್ಕಿತ್ತ ಪದ್ದೀ. ಬಿಟ್ಟೆ. ಹುಳಿ ತಡೀಲಿಲ್ಲ, ಬಿಟ್ಟೆ. ರೊಟ್ಟಿ ಅಗಿಯಾಕ ಬಾಯಿ ತೆರೀವಲ್ದು. ಏನಂತ ಹೇಳ್ಲಿ? ಮಂದಿ ತ್ಯಾಗ ಅಂದ್ರು. ನಾ ಹೂಂ ಅಂದೆ.”

“ಅಪ್ಪಗ ಹೇಳೂಣು.”

“ನನ್ನ ಮ್ಯಾಲ ಆಣಿ ಐತಿ. ಅವರು ನನ್ನ ಹೆಸರ ಹಿಡದ ಕರ್ಯಾಕತ್ತ ಒಂದ ತಿಂಗಳ ಆಗಿಲ್ಲ. ಮಶೇರಿ ಹಚ್ಚಿದ್ರ ನೋವು ಗೊತ್ತಾಗೂದಿಲ್ಲ. ಹಲ್ಲಿನ ಔಷಧ ಅದ, ತಾನ ಮಾಯತೈತಿ. ನೀ ಚಂದಂಗ ಹುರದ ಕೊಡ ಅಷ್ಟ.”

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಅವತ್ತು ನನ್ನ ತಲೆಯಲ್ಲಿ ಕೂತಿತು. ನಾನು ಬಾಯಿ ಬಿಡಲಿಲ್ಲ. ಆಣೆಗೆ ಹೆದರಿ ಎಂದರೆ ಅರ್ಧ ಸತ್ಯ. ತ್ಯಾಗಿ ಚಂಪಕ್ಕನ ಮಗಳೆಂದು ಬಸದಿಯಲ್ಲಿ ನನಗೆ ಮುಂದಿನ ಸಾಲು ಸಿಗುತ್ತಿತ್ತು. ಮತ್ತೆ, ಡಾಕ್ಟರು ಹೇಳಿದ ತಂಬಾಕು ನನ್ನ ಮಶೇರಿಯೇ ಎಂದು ನನಗೆ ತಿಳಿದಿತ್ತು, ತಿಳಿಯದವಳಂತೆ ಇದ್ದೆ. ನನ್ನ ಕೈಯ ಹದವನ್ನು ಹೊಗಳಿದವರೆಲ್ಲ ಏನೆನ್ನುತ್ತಾರೆ ಎಂಬ ಭಯ. ಹೀಗೆ ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ಮಾವ ಹೊಸ ಎಲೆ ತಂದ, ನಾನು ಹುರಿದೆ. ಅವ್ವ ಸೊರಗಿದಳು. ಸೊರಗಿದಷ್ಟೂ ಜನರ ಕಣ್ಣಿಗೆ ಅವಳಲ್ಲಿ ತೇಜಸ್ಸು ಕಾಣುತ್ತಿತ್ತು. ಜ್ಯೇಷ್ಠದಲ್ಲಿ ಒಂದು ದಿನ ಬಾವಿಕಟ್ಟೆಯಲ್ಲಿ ಇಬ್ಬರು ಹೆಂಗಸರು ಮಾತಾಡುವುದು ಕೇಳಿತು:

“ಈ ಸರತಿ ಚಂಪಕ್ಕ ಅನ್ನಾನೂ ಬಿಡತಾಳಂತ.”

“ಬಿಡಲೇಳ ಬಾಈ. ಒಂದೊಂದ ಬಿಟಗೋತ ಹೊಂಟಾಳ. ಮುಂದ ಸಲ್ಲೇಖನದ ಹಾದಿ. ಪುಣ್ಯವಂತಿ.”

ಸಲ್ಲೇಖನವೆಂದರೆ ನನಗೆ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಮುದುಕಿಯೊಬ್ಬಳು ಹಣ್ಣಾದ ಮೇಲೆ ಅನ್ನ ಬಿಟ್ಟು, ನೀರು ಬಿಟ್ಟು, ಮಂತ್ರ ಕೇಳುತ್ತ ಕಣ್ಣು ಮುಚ್ಚಿದ್ದಳು. ಊರು ಅವಳನ್ನು ದೇವರಂತೆ ಹೊತ್ತೊಯ್ದಿತ್ತು. ನನ್ನ ಅವ್ವನಿಗೆ ಇನ್ನೂ ಮೂವತ್ತೈದು ದಾಟಿರಲಿಲ್ಲ. ಕೊಡ ಬಾವಿಕಟ್ಟೆಯಲ್ಲೇ ಬಿಟ್ಟು ಮನೆಗೆ ಓಡಿದೆ. ಅವ್ವ ಎಂದಿನಂತೆ ಅಕ್ಕಿ ಆರಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಆರಿಸತೊಡಗಿದೆ.

ಆಷಾಢದಲ್ಲಿ ಮಹಾರಾಜರು ಬಂದರು. ನಿಯಮ ಹಿಡಿಯುವ ದಿನ ಬಸದಿ ಕಿಕ್ಕಿರಿದಿತ್ತು. ಗಂಡಸರದಾಯಿತು, ಮಕ್ಕಳದು ಬೇಗ ಮುಗಿಸಿ ಹೆಂಗಸರಿಗೆ ಬರೋಣವೆಂದು ಉಪಾಧ್ಯೆ ಹೇಳಿದ. ನಾನು ಎದ್ದೆ. ಹಾಗಲಕಾಯಿಯ ಹುಡುಗಿ ಎದ್ದಳೆಂದು ಆಗಲೇ ಕೆಲವರು ನಗುತ್ತಿದ್ದರು. 

“ನಾ ಮಶೇರಿ ಹುರಿಯೂದ ಬಿಟ್ಟೇನ್ರಿ. ಸಾಯೂತನಕ.”

ನಗು ಇನ್ನೂ ಜೋರಾಯಿತು. ನಿಯಮ ಒಮ್ಮೆ ಹಿಡಿದರೆ ಮುಗಿಯಿತು, ಆಯಿಯೂ ಅಪ್ಪನೂ ಮುರಿಸುವಂತಿಲ್ಲ. ಅದನ್ನು ಯೋಚಿಸಿಯೇ ನಾನು ನಿಂತಿದ್ದೆ. ಮಹಾರಾಜರು ಮಾತ್ರ ನಗಲಿಲ್ಲ.

“ಯಾಕ ಕೂಸ?”

ಅವ್ವ ಹೆಂಗಸರ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆ ಅಲ್ಲಾಡಿಸಿದಳು. ನನಗೆ ಅಳು ಬಂತು, ಅಳುತ್ತಲೇ ಹೇಳಿದೆ:

“ಅವ್ವನ ಬಾಯಾಗ ಒಂದ ಬೆರಳೂ ಹೋಗೂದಿಲ್ರಿ. ಒಳಗ ಹುಣ್ಣ ಆಗೇತಿ. ಆಕಿ ಬಿಟ್ಟದ್ದೆಲ್ಲಾ ತಿನ್ನಾಕ ಬರೂದಿಲ್ಲಂತ ಬಿಟ್ಟಾಳ್ರಿ. ತ್ಯಾಗ ಅಲ್ರಿ ಅದು.”

 ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಮಹಾರಾಜರು ಅಪ್ಪನ ಕಡೆ ನೋಡಿದರು.

“ನಿನ್ನ ಹೇಂತಿದೇನ ತಪ್ಪಿಲ್ಲ. ಜಡ್ಡಿಗಿ ನಾವ ಎಲ್ಲಾರೂ ಕೂಡಿ ವ್ರತ ಅಂತ ಹೆಸರ ಇಟ್ಟೇವಿ. ಮೊದಲ ದವಾಖಾನಿಗಿ ಕರಕೊಂಡ ಹೋಗು. ಶರೀರ ಇದ್ರ ಧರ್ಮ.”

ಮರುದಿನ ಮುಂಜಾನೆ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆವು. ಅಪ್ಪ ಕಿಟಕಿಯ ಹತ್ತಿರ, ಅವ್ವ ನಡುವೆ, ನಾನು ಈಚೆ.  ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡ ದವಾಖಾನೆಯಲ್ಲಿ ಹೆಣ್ಣು ಡಾಕ್ಟರೊಬ್ಬರು ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. ಬಾಯಿಗೆ ಏನು ಹಚ್ಚುತ್ತೀರಿ ಎಂದು ಕೇಳಿದರು. ಮಶೇರಿ, ಹಲ್ಲಿನ ಔಷಧ ಎಂದಳು ಅವ್ವ.

“ಬಾಈ, ಹೇ ಔಷಧ ನಾಹೀ. ಹೀ ತಂಬಾಖೂಚ ಆಹೇ.”

ಔಷಧವಲ್ಲ, ತಂಬಾಕೇ ಅದು ಎಂದು ಅವರು ಬಿಡಿಸಿ ಹೇಳಿದರು. ಹುರಿದರೂ ಅದರ ವಿಷ ಹೋಗುವುದಿಲ್ಲ. ಉಗುಳಿದರೂ ಒಸಡು, ಕೆನ್ನೆ ಹೀರಿಕೊಂಡೇ ಬಿಡುತ್ತವೆ. ಮೊದಲು ಖಾರ ಉರಿಯುತ್ತದೆ, ಆಮೇಲೆ ಬಿಳಿ ಕಲೆ, ಆಮೇಲೆ ಬಾಯಿ ಬಿಗಿಯುತ್ತದೆ, ಹುಣ್ಣು ವಾರಗಟ್ಟಲೆ ಮಾಯುವುದಿಲ್ಲ. ಅಪ್ಪ ಒಂದೊಂದು ಮಾತಿಗೂ ತಲೆ ತಗ್ಗಿಸುತ್ತ ಹೋದರು. ಡಾಕ್ಟರು ಹೇಳಿದ್ದು ಅವ್ವನ ವ್ರತಗಳ ಪಟ್ಟಿಯೇ ಆಗಿತ್ತು. ಕೆನ್ನೆಯ ಒಳಗಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಬಲಗೆನ್ನೆಯನ್ನೂ ಕೆಳದವಡೆಯ ಒಂದು ಭಾಗವನ್ನೂ ತೆಗೆಯಬೇಕೆಂದರು.

ಅವ್ವ ಆಮೇಲೆ ಒಂಬತ್ತು ವರ್ಷ ಬದುಕಿದಳು. ಮುಖ ಒಂದು ಕಡೆ ಒಳಗೆ ಹೋಗಿತ್ತು. ಅವಳ ಮಾತು ಅಪ್ಪನಿಗೂ ನನಗೂ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಅಪ್ಪ ಅವಳನ್ನು ಚಂಪಾ ಎಂದು ಕರೆಯುವುದನ್ನು ಬಿಡಲಿಲ್ಲ. ಗಂಜಿಯನ್ನು ತಾವೇ ಸೋಸಿ, ಆರಿಸಿ, ಚಮಚದಿಂದ ಕುಡಿಸುತ್ತಿದ್ದರು, ಹೊತ್ತು ಮುಳುಗುವ ಮೊದಲು. ನನ್ನ ಮೇಲಿನ ಸಿಟ್ಟು ಅವಳಿಗೆ ಮನೆಗೆ ಬಂದ ಮೇಲೆ ಹೋಯಿತು. ನನ್ನ ಮದುವೆಯ ದಿನ ಅವಳೇ ತಲೆ ಬಾಚಿ ಹೂ ಮುಡಿಸಿದಳು. ಕಾಕು ಮಶೇರಿ ಬಿಟ್ಟಳು, ಒಂದು ವರ್ಷ ಒದ್ದಾಡಿ. ಆಯಿ ಬಿಡಲಿಲ್ಲ, ನಾನು ಹುರಿಯದಿದ್ದರೇನು, ಬೇರೆಯವರ ಕೈಯಿಂದ ಹುರಿಸಿಕೊಂಡಳು. ತೊಂಬತ್ತರವರೆಗೆ ಬದುಕಿ, ನಿದ್ದೆಯಲ್ಲೇ ಹೋದಳು. ನನ್ನನ್ನು ಕೊಟ್ಟದ್ದು ಇಚಲಕರಂಜಿಗೆ, ಇಲ್ಲಿ ನಮ್ಮ ಓಣಿಯಲ್ಲಿ ಈಗಲೂ ಹೆಂಗಸರು ಅಂಗಡಿಯಿಂದ ತಯಾರು ಮಶೇರಿ ತಂದು ಮೆಟ್ಟಿಲ ಮೇಲೆ ಕೂತು ತಿಕ್ಕುತ್ತಾರೆ. ನಾನು ಬೈದರೆ ನನ್ನ ಆಯಿಯನ್ನೇ ನನಗೆ ತೋರಿಸುತ್ತಾರೆ, ಆಕೆಗೇನೂ ಆಗಲಿಲ್ಲವಲ್ಲ ಎಂದು.

“ಹೊಳಿಗಿ ಬಿದ್ದಾವರೆಲ್ಲಾ ಸಾಯೂದಿಲ್ಲ. ಹಂಗಂತ ನಿನ್ನ ಕೂಸಿನ್ನ ಒಯ್ದ ಒಗಿತೀ ಏನ?” ಎನ್ನುತ್ತೇನೆ. ಮನೆಗೆ ಬಂದವರ ಬಾಯಿ ತೆರೆಸಿ ನೋಡುವ ಚಾಳಿ ನನಗಿದೆ, ಸೊಸೆಗೆ ಅದರಿಂದ ನಾಚಿಕೆ. ಯಾರಾದರೂ ನಾನು ಇಂಥದ್ದು ತಿನ್ನುವುದು ಬಿಟ್ಟೆ ಎಂದರೆ, ಯಾಕೆ ಬಿಟ್ಟಿರಿ ಎಂದು ಕೇಳದೆ ಇರಲಾರೆ. ಹೀಗೆ ಮೂರು ಜನ ಬರೀ ಬಿಳಿ ಕಲೆ ಇದ್ದಾಗಲೇ ಸಿಕ್ಕರು, ಅವರನ್ನು ಕೊಲ್ಹಾಪುರಕ್ಕೆ ಎಳೆದುಕೊಂಡು ಹೋಗಿದ್ದೇನೆ. ಮೂವರೂ ಬದುಕಿದ್ದಾರೆ. ಹಾಗೆಂದು ನಾನು ದೊಡ್ಡ ಧೀರೆಯೇನಲ್ಲ. ಎಲ್ಲಾದರೂ ತಂಬಾಕು ಹುರಿಯುವ ವಾಸನೆ ಬಂದರೆ ಇವತ್ತಿಗೂ ನಿಂತುಬಿಡುತ್ತೇನೆ. ಹಿತ್ತಿಲು, ಕಾಕುವಿನ ಮೂಗುಮಾತು, ಅವ್ವನ ಬಾಯ್ತುಂಬ ನಗು, ಎಲ್ಲ ಬೇಕೆನಿಸುತ್ತದೆ.

ಬಸದಿಯಲ್ಲಿ ಎದ್ದು ನಿಂತ ಹುಡುಗಿಯ ಕತೆಯನ್ನು ನಮ್ಮ ನೆಂಟರಿಷ್ಟರು ಬಹಳ ಸಲ ಹೇಳಿದ್ದಾರೆ, ನನ್ನ ಮೊಮ್ಮಕ್ಕಳಿಗೂ ಹೇಳಿದ್ದಾರೆ. ಅವರು ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ಪರೀಕ್ಷೆಯ ಕಾಗದ ಬಂದ ದಿನ ಡಾಕ್ಟರು ಅಪ್ಪನನ್ನು ಒಳಗೆ ಕರೆದು ಎಲ್ಲ ಹೇಳಿದರು. ಅವರು ಹೊರಗೆ ಬಂದಾಗ ನಾವಿಬ್ಬರೂ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಅಪ್ಪನ ಮುಖ ಬಿಳಿಚಿಕೊಂಡಿತ್ತು.

“ಆರ ತಿಂಗಳ ಮೊದಲ ತಂದಿದ್ರ ಬರೇ ಕಲೆ ಅಷ್ಟ ತಗೀತಿದ್ರಂತ. ದವಡಿ ಉಳೀತಿತ್ತಂತ.”

ಆಮೇಲೆ ನನ್ನ ಕಡೆ ತಿರುಗಿದರು.

“ಪದ್ದೀ, ನಿನಗ ಯಾವಾಗ ಗೊತ್ತಾತು?”

 ಬೆರಳೆಣಿಸಿ ನೋಡುವುದೇನೂ ಇರಲಿಲ್ಲ. ಸಂಕ್ರಾಂತಿಯಿಂದ ಆಷಾಢಕ್ಕೆ ಸರಿಯಾಗಿ ಆರು ತಿಂಗಳು. ಬಸದಿಯಲ್ಲಿ ನಾನು ಹೇಳಿದಂದಿನಿಂದ ನನ್ನ ಜೊತೆ ಒಂದು ಮಾತೂ ಆಡದಿದ್ದ ಅವ್ವ, ತೆರೆಯಲಾಗದ ಬಾಯಿಯನ್ನು ಕೈಯಿಂದ ಹಿಡಿದುಕೊಂಡು, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

“ಆಕಿಗೇನ ಗೊತ್ತಿರಲಿಲ್ಲ. ಬಸದಿಗಿ ಹೋಗೂ ಮುಂಜಾನಿ ನೋಡ್ಯಾಳ. ನೋಡಿದಾಕಿನ ಹೇಳ್ಯಾಳ.”

ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. ಶಾಣ್ಯಾ ಕೂಸು ಎಂದರು. ಮರುದಿನ ಅವ್ವನ ದವಡೆ ತೆಗೆದರು. ಮಂದಿಗೆಲ್ಲ ತಿಳಿಯುವಂತೆ ಅವಳು ಆಡಿದ ಕೊನೆಯ ಮಾತು ಅದು, ಮತ್ತು ಅದು ಸುಳ್ಳು. ಒಂಬತ್ತು ವರ್ಷದಲ್ಲಿ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪ ಸಾಯುವವರೆಗೂ ನಂಬಿದ್ದರು. ಅವತ್ತು ಅವರ ಕೈಯನ್ನು ನಾನು ತಲೆಯ ಮೇಲಿಂದ ತೆಗೆಯಲಿಲ್ಲ. ಅಪ್ಪಾ, ನನಗೆ ಗೊತ್ತಿತ್ತು.